ತುಂಬೆ ನಿಂತ ನೆಲ

ಕೇಶವನಿಗೆ ತುಳಸಿ, ಈಶ್ವರನಿಗೆ ತುಂಬೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವನಿಗೆ ಕೈಮುಗಿದು, ಹದಿನಾರು ಕಿಲೋಮೀಟರ್ ಆಚೆಯ ಹಳೇಬೀಡಿಗೆ ಬಂದು ಹೊಯ್ಸಳೇಶ್ವರನ ಮುಂದೆ ನಿಂತರೆ ಸಂಪ್ರದಾಯದ ಪ್ರಕಾರ ಕೈಯಲ್ಲಿನ ಪತ್ರೆ ಬದಲಾಗಬೇಕು. ಅರಸೀಕೆರೆಯಲ್ಲಿ 1220ರ ಸುಮಾರಿಗೆ ಕಟ್ಟಿದ ಈಶ್ವರ ದೇವಾಲಯಕ್ಕೂ ತುಂಬೆಯೇ ಸಲ್ಲಬೇಕು. ಸಸ್ಯಶಾಸ್ತ್ರ ಬಲ್ಲವರಿಗೆ ಇದು ಅಂಥ ದೊಡ್ಡ ಬದಲಾವಣೆಯೇನಲ್ಲ. ತುಳಸಿ, ತುಂಬೆ, ಕಾಮಕಸ್ತೂರಿ, ದೊಡ್ಡಪತ್ರೆ, ಪುದೀನ ಎಲ್ಲವೂ ಲೇಮಿಯೇಸಿ ಎಂಬ ಒಂದೇ ಕುಟುಂಬದವು. ಹರಿಹರರ ಭೇದ ಈ ಮನೆತನದಲ್ಲಿಲ್ಲ.

ಭೇದ ಇರುವುದು ಬಾಳುವ ರೀತಿಯಲ್ಲಿ. ತುಳಸಿಗೆ ಅಂಗಳದಲ್ಲಿ ಕಟ್ಟೆಯಿದೆ, ಬೆಳಿಗ್ಗೆ ನೀರು, ಸಂಜೆ ದೀಪ, ವರ್ಷಕ್ಕೊಮ್ಮೆ ಮದುವೆಯೂ ಇದೆ. ತುಂಬೆಯನ್ನು ಯಾರೂ ನೆಡುವುದಿಲ್ಲ. ರಾಗಿ ಹೊಲದಲ್ಲಿ ಹುಟ್ಟಿದರೆ ಅದು ಕಳೆ, ಕಿತ್ತು ಬದುವಿಗೆ ಎಸೆಯುತ್ತಾರೆ. ಕಾರ್ತಿಕ ಸೋಮವಾರದ ಹೊತ್ತಿಗೆ ಅದೇ ಬದುವಿಗೆ ಬುಟ್ಟಿ ಹಿಡಿದು ಹೂವಿಗೆ ಬರುತ್ತಾರೆ. ಹಾಸನ ಜಿಲ್ಲೆಯ ಈ ಭಾಗದಲ್ಲಿ ಇಷ್ಟು ಪರಿಚಿತವಾದ ಗಿಡ ಇನ್ನೊಂದು ಸಿಗುವುದು ಕಷ್ಟ. ಪರಿಚಿತ ಎಂಬ ಕಾರಣಕ್ಕೇ ಅದನ್ನು ಯಾರೂ ಸರಿಯಾಗಿ ನೋಡಿರುವುದಿಲ್ಲ ಎಂಬುದು ನನ್ನ ಗುಮಾನಿ. ಬಿಳಿ ಹೂವು ಕಂಡರೆ ತುಂಬೆ ಎಂದು ಮುಂದೆ ಹೋಗುತ್ತೇವೆ. ತುಂಬೆ ಎಂದು ಗುರುತು ಹಿಡಿಯಲು ಹೂವಿನ ಬಣ್ಣ ಸಾಲದು. ಅದರ ಕಾಂಡ, ಹೂವಿನ ಬುಡ, ಎಲ್ಲಕ್ಕಿಂತ ಹೆಚ್ಚಾಗಿ ಅದು ನಿಂತ ನೆಲ ಇವನ್ನೆಲ್ಲ ಸೇರಿಸಿ ನೋಡಬೇಕು.

ಮೊದಲು ಗಿಡ. ಎತ್ತರ ಗೇಣಿನಿಂದ ಮೊಣಕಾಲವರೆಗೆ, ಒಳ್ಳೆಯ ನೆಲದಲ್ಲಿ ಎರಡಡಿ. ಬುಡದಿಂದಲೇ ಕವಲೊಡೆಯುತ್ತದೆ. ಕಾಂಡವನ್ನು ಎರಡು ಬೆರಳಲ್ಲಿ ಹಿಡಿದು ಹೊರಳಿಸಿದರೆ ನಾಲ್ಕು ಮೂಲೆ ತಾಗುತ್ತದೆ; ಚೌಕ ಕಾಂಡ ಇಡೀ ಲೇಮಿಯೇಸಿ ಕುಟುಂಬದ ಗುರುತು. ಮೈಮೇಲೆ ಒರಟು ರೋಮ. ಇದರ ವೈಜ್ಞಾನಿಕ ಹೆಸರು ಲ್ಯೂಕಾಸ್ ಆಸ್ಪೆರಾ. ಲ್ಯೂಕಾಸ್ ಎಂದರೆ ಬಿಳಿ, ಆಸ್ಪೆರಾ ಎಂದರೆ ಒರಟು. ಹೆಸರಿಟ್ಟವರು ಕಣ್ಣಿನ ಜೊತೆ ಕೈಯನ್ನೂ ಬಳಸಿದ್ದಾರೆ. ಎಲೆಗಳು ಎದುರುಬದುರು, ತೊಟ್ಟು ಇದ್ದೂ ಇಲ್ಲದಂತೆ, ಉದ್ದ ಎಂಟು ಸೆಂಟಿಮೀಟರ್ ಮೀರುವುದಿಲ್ಲ, ಅಗಲ ಒಂದು ಸೆಂಟಿಮೀಟರಿನ ಆಸುಪಾಸು. ತುದಿ ಮೊಂಡು. ಹಿಸುಕಿದರೆ ಘಾಟು.

ಹೂವುಗಳು ಕಾಂಡದ ಗಿಣ್ಣಿನಲ್ಲೂ ತುದಿಯಲ್ಲೂ ಉಂಡೆ ಕಟ್ಟಿಕೊಂಡು ಸುತ್ತಲೂ ಕೂರುತ್ತವೆ. ಒಂದೊಂದು ಹೂವು ಒಂದು ಸೆಂಟಿಮೀಟರ್ ಉದ್ದ. ಅದಕ್ಕೆ ಎರಡು ತುಟಿ. ಮೇಲ್ದುಟಿ ಚಿಕ್ಕದು, ಬೆನ್ನ ತುಂಬ ಬಿಳಿ ಉಣ್ಣೆ, ಮುಂದಕ್ಕೆ ಬಾಗಿರುತ್ತದೆ: ಜಡಿಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತ ಕುರಿ ಕಾಯುವವನ ಹಾಗೆ. ಕೊಪ್ಪೆಯೊಳಗೆ ನಾಲ್ಕು ಕೇಸರಗಳು ಅಡಗಿವೆ. ಕೆಳದುಟಿ ಅಗಲ, ಅದರ ನಡುವಿನ ಹಾಳೆ ದೊಡ್ಡದು, ಪಕ್ಕದವೆರಡು ನೆಪಕ್ಕೆ. ಜೇನ್ನೊಣ ಮಕರಂದಕ್ಕೆ ಬಂದು ಕೆಳದುಟಿಯ ಮೇಲೆ ಕೂತು ತಲೆ ತೂರಿಸಿದಾಗ ಕೊಪ್ಪೆಯೊಳಗಿನ ಕೇಸರ ಅದರ ಬೆನ್ನಿಗೆ ಒರೆಸಿ ಪರಾಗ ಅಂಟಿಸುತ್ತದೆ. ನೊಣ ತನ್ನ ಕಾಲಿನಿಂದ ಸುಲಭವಾಗಿ ಬಾಚಿ ತೆಗೆಯಲಾಗದ ಜಾಗ ಅದು. ಮುಂದಿನ ಹೂವಿಗೆ ಪರಾಗ ಮುಟ್ಟುತ್ತದೆ. ಹಳ್ಳಿಯ ಮಕ್ಕಳು ಹೂವನ್ನು ಎಳೆದು ಬುಡ ಚೀಪುವುದು ಇದೇ ಮಕರಂದಕ್ಕಾಗಿ.

ಹೂವನ್ನು ಕಿತ್ತ ಮೇಲೆ ಗಿಡದಲ್ಲಿ ಉಳಿಯುವ ಹಸಿರು ಕೊಳವೆಯನ್ನು ಯಾರೂ ನೋಡುವುದಿಲ್ಲ. ತುಂಬೆ ಹೌದೋ ಅಲ್ಲವೋ ತೀರ್ಮಾನವಾಗುವುದು ಅಲ್ಲಿ. ಅದಕ್ಕೆ ಪುಷ್ಪಪಾತ್ರೆ ಎನ್ನುತ್ತಾರೆ. ತುಂಬೆಯ ಪುಷ್ಪಪಾತ್ರೆ ಸುಮಾರು ಒಂದು ಸೆಂಟಿಮೀಟರ್ ಉದ್ದ, ಸ್ವಲ್ಪ ಬಾಗಿದ ಕೊಳವೆ. ಕೆಳಗಿನ ಅರ್ಧ ನುಣುಪು ಮತ್ತು ತೆಳು, ಮೇಲಿನ ಅರ್ಧದಲ್ಲಿ ಗೀರುಗಳೂ ಒರಟು ರೋಮಗಳೂ. ಬಾಯಿ ನೇರವಾಗಿಲ್ಲ, ಓರೆಯಾಗಿ ಕತ್ತರಿಸಿದಂತೆ ಒಂದು ಬದಿ ಮುಂಚಾಚಿದೆ. ಅಂಚಿನಲ್ಲಿ ಎಂಟರಿಂದ ಹತ್ತು ಪುಟ್ಟ ಹಲ್ಲು, ಮೇಲಿನದು ಉಳಿದವಕ್ಕಿಂತ ಕೊಂಚ ದೊಡ್ಡದು. ಹತ್ತು ರೂಪಾಯಿಯ ಭೂತಗನ್ನಡಿ ಇದ್ದರೂ ಸಾಕು, ಎಲ್ಲವೂ ಕಾಣುತ್ತದೆ. ಲ್ಯೂಕಾಸ್ ಕುಲದ ಅಣ್ಣತಮ್ಮಂದಿರನ್ನು ಬೇರೆ ಮಾಡುವುದು ಈ ಬಾಯಿಯ ಓರೆಯೇ. ಮಾರ್ಟಿನಿಸೆನ್ಸಿಸ್ ಎಂಬ ಪ್ರಭೇದದಲ್ಲಿ ಮೇಲಿನ ಹಲ್ಲು ಮುಳ್ಳಿನಷ್ಟು ಉದ್ದ ಚಾಚುತ್ತದೆ. ಸೆಫಲೋಟಿಸ್ ಎಂಬುದರಲ್ಲಿ ಹೂಗೊಂಚಲೇ ದೊಡ್ಡ ಚೆಂಡು, ಕೆಳಗೆ ಅಗಲ ಎಲೆಗಳ ಆಸರೆ. ಆಯುರ್ವೇದದ ದ್ರೋಣಪುಷ್ಪಿ ಎಂದರೆ ಸೆಫಲೋಟಿಸ್. ದಕ್ಷಿಣದಲ್ಲಿ ಆ ಹೆಸರಿಗೆ ನಮ್ಮ ತುಂಬೆಯನ್ನೇ ಬಳಸುವ ರೂಢಿಯೂ ಇದೆ. ಗಿಡಮೂಲಿಕೆ ಅಂಗಡಿಯ ಪೊಟ್ಟಣದಲ್ಲಿ ಯಾವುದಿದೆ ಎಂಬುದು ಹೂವಿನ ಬಣ್ಣದಿಂದ ತಿಳಿಯದು.

ಊರ ಬಾಯಲ್ಲಿ ತುಂಬೆಗಳು ಇನ್ನೂ ಹಲವು. ಕತ್ತೆತುಂಬೆ ಎನ್ನುವ ಗಿಡ ತುಂಬೆಯ ನಂಟನೇ ಅಲ್ಲ. ಅದರ ಕಾಂಡ ದುಂಡು, ಹೂವು ತೆಳುನೀಲಿ, ನೆಲ ನೋಡುತ್ತ ತಲೆ ತಗ್ಗಿಸಿರುತ್ತದೆ. ಟ್ರೈಕೊಡೆಸ್ಮ ಇಂಡಿಕಮ್ ಎಂದು ಅದರ ಹೆಸರು. ಕರಿತುಂಬೆ ಎಂದು ಕರೆಯುವ ಅನಿಸೊಮೆಲೆಸ್ ತುಂಬೆಯ ಕುಟುಂಬದ್ದೇ ಆದರೂ ಎತ್ತರದ್ದು, ಹೂವಿನಲ್ಲಿ ನೇರಳೆ ಛಾಯೆ. ಹಾಳು ಮನೆಗಳ ಹಿಂದೆ, ತಿಪ್ಪೆಯ ಪಕ್ಕ ಆಳೆತ್ತರಕ್ಕೆ ಬೆಳೆದು, ಮುಳ್ಳಿನ ಚೆಂಡುಗಳ ಸುತ್ತ ಕಿತ್ತಳೆ ಹೂ ಬಿಡುವುದು ಲಿಯೊನೋಟಿಸ್, ಆಫ್ರಿಕ ಮೂಲದ್ದು. ಸೂರಕ್ಕಿಗಳಿಗೆ ಅದು ಬಲು ಇಷ್ಟ.

ಇಷ್ಟು ಗೊಂದಲವನ್ನು ಬಿಡಿಸಿಕೊಡಲು ಹಾಸನ ಜಿಲ್ಲೆಗೆ ಒಂದು ಭಾಗ್ಯವಿದೆ. ಕರ್ನಾಟಕದ ಬಹಳ ಜಿಲ್ಲೆಗಳಿಗಿಂತ ಮೊದಲೇ ಇದರ ಸಸ್ಯಸಂಪತ್ತಿನ ಪೂರ್ಣ ಪಟ್ಟಿ ಗ್ರಂಥವಾಗಿ ಬಂದಿದೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಜೆಸ್ಯುಟ್ ಪಾದ್ರಿ ಸೆಸಿಲ್ ಸಲ್ಡಾನಾ ಮತ್ತು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಡ್ಯಾನ್ ನಿಕೋಲ್ಸನ್ ಸಂಪಾದಿಸಿದ 'ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್' 1976ರಲ್ಲಿ ಪ್ರಕಟವಾಯಿತು. ಒಂಬೈನೂರು ಪುಟಕ್ಕೂ ಮಿಕ್ಕ ಪುಸ್ತಕ. ಇಂಥ ಅಧ್ಯಯನಕ್ಕೆ ಹಾಸನ ಹೇಳಿ ಮಾಡಿಸಿದ ಜಿಲ್ಲೆ: ಪಶ್ಚಿಮದಲ್ಲಿ ಸಕಲೇಶಪುರದ ಘಟ್ಟದ ನಿತ್ಯಹಸಿರು ಕಾಡು, ಪೂರ್ವದಲ್ಲಿ ಅರಸೀಕೆರೆಯ ಕುರುಚಲು. ಒಂದು ದಿನದ ಪ್ರಯಾಣದಲ್ಲಿ ಜಡಿಮಳೆಯ ನಾಡಿನಿಂದ ಮಳೆಗೆ ಕಾಯುವ ನಾಡಿಗೆ ಬಂದುಬಿಡಬಹುದು. ಸಲ್ಡಾನಾ ಮುಂದೆ ಇಡೀ ಕರ್ನಾಟಕದ ಸಸ್ಯಗಳ ಕೆಲಸಕ್ಕೂ ಕೈಹಾಕಿದರು, ಅದರ ಮೊದಲ ಸಂಪುಟ 1984ರಲ್ಲಿ ಬಂತು. ಅದೇ ಎಪ್ಪತ್ತರ ದಶಕದಲ್ಲಿ ಬಿ.ಜಿ.ಎಲ್. ಸ್ವಾಮಿ 'ಹಸುರು ಹೊನ್ನು' ಬರೆದು ಗಿಡ ಗುರುತಿಸುವುದೂ ಒಂದು ರಸಿಕತೆ ಎಂದು ಕನ್ನಡಿಗರಿಗೆ ತೋರಿಸಿದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ಇಂಗ್ಲಿಷಿನ ಆ ದಪ್ಪ ಪುಸ್ತಕದ ಸಾರ ಕನ್ನಡದಲ್ಲಿ, ಹೈಸ್ಕೂಲು ಮಕ್ಕಳ ಚೀಲಕ್ಕೆ ಹಿಡಿಸುವಂತೆ ಬರಬೇಕಿತ್ತು ಎಂದು ನನಗೆ ಅನಿಸುತ್ತದೆ.

ಇಂಥ ಗ್ರಂಥಗಳ ಬೆನ್ನೆಲುಬು 'ಕೀಲಿ'. ಎರಡೆರಡು ಹೇಳಿಕೆಗಳ ಸಾಲು ಅದು. ಕಾಂಡ ಚೌಕವೋ, ದುಂಡೋ? ಚೌಕವಾದರೆ ಇತ್ತ ಬನ್ನಿ. ಮೇಲ್ದುಟಿಯಲ್ಲಿ ಉಣ್ಣೆ ಇದೆಯೋ, ಇಲ್ಲವೋ? ಪುಷ್ಪಪಾತ್ರೆಯ ಬಾಯಿ ಓರೆಯೋ, ನೇರವೋ? ಪ್ರತಿ ಕವಲಿನಲ್ಲಿ ಒಂದು ಕಡೆ ತಿರುಗುತ್ತ ಹೋದರೆ ಕೊನೆಗೆ ಒಂದು ಹೆಸರು ಉಳಿಯುತ್ತದೆ. ಊಹೆಗೆ ಜಾಗವಿಲ್ಲ, ಒಪ್ಪಿಕೊಂಡು ಬಿಡುವುದಕ್ಕೂ ಜಾಗವಿಲ್ಲ. ಮೊಬೈಲಿನಲ್ಲಿ ಫೋಟೊ ಕೊಟ್ಟರೆ ಹೆಸರು ಹೇಳುವ ಆ್ಯಪ್‌ಗಳು ಈಗ ಬಂದಿವೆ. ಮೇಲಿನಿಂದ ತೆಗೆದ ಬಿಳಿ ಹೂವಿನ ಚಿತ್ರ ಕೊಟ್ಟರೆ ಅವು ಯಾವುದೋ ಒಂದು ಲ್ಯೂಕಾಸ್ ಹೆಸರು ಹೇಳಿ ಕೈತೊಳೆದುಕೊಳ್ಳುತ್ತವೆ. ಪಕ್ಕದಿಂದ ಪುಷ್ಪಪಾತ್ರೆ, ಹತ್ತಿರದಿಂದ ಕಾಂಡ, ದೂರದಿಂದ ಗಿಡ ಮತ್ತು ಅದರ ಸುತ್ತಿನ ನೆಲ, ಇಷ್ಟನ್ನೂ ತೆಗೆಯಬೇಕು.

ಸುತ್ತಿನ ನೆಲ ಏಕೆ? ಗಿಡವನ್ನು ಕಾಗದದ ನಡುವೆ ಒಣಗಿಸಿ ರಟ್ಟಿಗೆ ಅಂಟಿಸಿ ಹರ್ಬೇರಿಯಮ್ಮಿನಲ್ಲಿ ಇಡುವವರು ಮೂಲೆಯಲ್ಲಿ ಒಂದು ಚೀಟಿ ಹಚ್ಚುತ್ತಾರೆ. ಕಿತ್ತ ಊರು, ದಿನ, ಸಮುದ್ರಮಟ್ಟದಿಂದ ಎತ್ತರ, ಹೂವಿನ ಬಣ್ಣ, ಹೊಲವೋ ಕೆರೆಯಂಗಳವೋ ಕಾಡಂಚೋ, ಎಲ್ಲ ಅದರಲ್ಲಿ ಬರೆದಿರಬೇಕು. ಒಣಗಿದ ಗಿಡದಲ್ಲಿ ಎಲೆ ಉಳಿಯುತ್ತದೆ, ಕಾಂಡ ಉಳಿಯುತ್ತದೆ, ನೆಲ ಉಳಿಯುವುದಿಲ್ಲ. ಆ ಚೀಟಿ ಇಲ್ಲದ ಮಾದರಿಗೆ ಸಸ್ಯಶಾಸ್ತ್ರಜ್ಞರ ಲೋಕದಲ್ಲಿ ಬೆಲೆ ತೀರ ಕಡಿಮೆ.

ತುಂಬೆಯ ನೆಲ ನೋಡಬೇಕೆಂದರೆ ಅರಸೀಕೆರೆಯಿಂದ ಬಾಣಾವರ, ಜಾವಗಲ್ ಮೇಲೆ ಹಳೇಬೀಡಿಗೆ, ಅಲ್ಲಿಂದ ಬೇಲೂರಿಗೆ ಹೋಗುವ ರಸ್ತೆ ಹಿಡಿಯಬೇಕು. ಕಾಲ ಅಕ್ಟೋಬರ್, ನವೆಂಬರ್. ಅರಸೀಕೆರೆ ಸುಮಾರು 800 ಮೀಟರ್ ಎತ್ತರದ ಬಯಲು. ಕೆಂಪು ಮರಳುಮಿಶ್ರಿತ ಮಣ್ಣು, ತೆಂಗು, ರಾಗಿ. ಇಲ್ಲಿ ಮಳೆ ಎರಡು ಕಂತಿನಲ್ಲಿ ಬರುತ್ತದೆ: ಭರಣಿ, ಕೃತ್ತಿಕೆ, ರೋಹಿಣಿಯಲ್ಲಿ ಒಂದಿಷ್ಟು, ಆಮೇಲೆ ಉತ್ತರೆ, ಹಸ್ತ, ಚಿತ್ತೆಯಲ್ಲಿ ಮುಖ್ಯ ಪಾಲು. ತುಂಬೆಯ ಬಾಳು ಇದೇ ಪಂಚಾಂಗದ ಮೇಲೆ ನಡೆಯುತ್ತದೆ. ಏಕವಾರ್ಷಿಕ ಗಿಡ ಎಂದರೆ ವರ್ಷವಿಡೀ ನಿಲ್ಲುವ ಗಿಡವಲ್ಲ. ಮಳೆಯ ಕೆಲವೇ ತಿಂಗಳಲ್ಲಿ ಮೊಳೆತು, ಹೂಬಿಟ್ಟು, ಬೀಜ ಉದುರಿಸಿ ಸಾಯುವುದು, ಬೇಸಿಗೆಯನ್ನು ಬೀಜವಾಗಿ ಕಳೆಯುವುದು. ಒಣ ನಾಡಿಗೆ ಇದಕ್ಕಿಂತ ಜಾಣ ಉಪಾಯವಿಲ್ಲ. ಒಣಗಿದ ತುಂಬೆ ಕಡ್ಡಿಯ ಮೇಲೆ ಪುಷ್ಪಪಾತ್ರೆಗಳು ಹುಲ್ಲಿನ ಬಣ್ಣಕ್ಕೆ ತಿರುಗಿ ಹಾಗೇ ನಿಂತಿರುತ್ತವೆ. ಒಂದೊಂದರ ತಳದಲ್ಲಿ ನಾಲ್ಕು ಕಂದು ಬೀಜ, ಎರಡೂವರೆ ಮಿಲಿಮೀಟರ್ ಉದ್ದದವು. ಗಾಳಿಗೆ ಅಲುಗಿ, ದನದ ಕಾಲಿಗೆ ಸಿಕ್ಕಿ ಅವು ನೆಲ ಸೇರುತ್ತವೆ.

ಅರಸೀಕೆರೆ ಸುತ್ತ ತುಂಬೆ ಸಿಗುವುದು ಹೊಲದ ಬದುವಿನಲ್ಲಿ, ಬೀಳುಬಿಟ್ಟ ಜಮೀನಿನಲ್ಲಿ, ಉತ್ತು ಬಿಟ್ಟ ತೆಂಗಿನ ತೋಟದ ಸಾಲಿನಲ್ಲಿ, ರೈಲುಹಳಿಯ ಪಕ್ಕದಲ್ಲಿ. ಹಿರೇಕಲ್ ಗುಡ್ಡದ ಕಡೆ ಮನುಷ್ಯರು ಮುಟ್ಟದ ಕುರುಚಲಿನೊಳಗೆ ನಡೆದರೆ ಅದು ವಿರಳವಾಗುತ್ತದೆ. ಇದು ಗಮನಿಸಬೇಕಾದ ಸಂಗತಿ. ತುಂಬೆ ಕಾಡುಗಿಡ ಎನ್ನುತ್ತೇವೆ, ಅದಕ್ಕೆ ಬೇಕಿರುವುದು ಮಾತ್ರ ಕಾಡಲ್ಲ. ನೇಗಿಲು, ಗುದ್ದಲಿ, ದನದ ಗೊರಸು ಯಾವುದಾದರೊಂದು ಕದಡಿದ ಮಣ್ಣು, ಮೇಲೆ ಬಿಚ್ಚುಬಿಸಿಲು, ಬುಡದಲ್ಲಿ ನೀರು ನಿಲ್ಲದ ಇಳಿಜಾರು. ಮನುಷ್ಯ ಇರುವಲ್ಲಿ, ಆದರೆ ಮನುಷ್ಯನ ಕಣ್ಣು ಇಲ್ಲದಲ್ಲಿ ಅದರ ಸಂಸಾರ.

ಜಾವಗಲ್ ದಾಟಿ ಹಳೇಬೀಡಿನತ್ತ ಬಂದಂತೆ ಹಸಿರು ಕೊಂಚ ಗಟ್ಟಿಯಾಗುತ್ತದೆ, ರಾಗಿಯ ಜೊತೆ ಮುಸುಕಿನ ಜೋಳ, ಆಲೂಗಡ್ಡೆ ಸೇರುತ್ತವೆ. ಆಲೂಗಡ್ಡೆ ಅಗೆದ ಹೊಲ ಖಾಲಿ ಬಿದ್ದರೆ ಮೊದಲು ಬರುವ ಹತ್ತು ಗಿಡಗಳಲ್ಲಿ ತುಂಬೆ ಒಂದು. ಹಳೇಬೀಡಿನ ದೋರಸಮುದ್ರ ಕೆರೆ ಏರಿಯ ಹೊರಮೈಯಲ್ಲಿ, ನೀರು ಹಿಂಜರಿದ ಕೆರೆಯಂಗಳದ ಮೇಲಂಚಿನಲ್ಲಿ ಅದು ತಡವಾಗಿ ಹೂ ಬಿಡುತ್ತದೆ. ಕಾರ್ತಿಕದಲ್ಲಿ ಬದುವಿನ ತುಂಬೆ ತುಂಬು ಹೂವಿನಲ್ಲಿದ್ದರೆ, ಮಾಘದ ಶಿವರಾತ್ರಿಗೆ ಬದು ಒಣಗಿರುತ್ತದೆ. ಆಗ ಹೂವಿಗೆ ಹೋಗಬೇಕಾದ್ದು ಕೆರೆಯಂಗಳಕ್ಕೋ ನೀರು ಹಾಯಿಸುವ ತೋಟಕ್ಕೋ. ಇನ್ನು ದೇವಾಲಯದ ಆವರಣ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿದವು. ಕತ್ತರಿಸಿದ ಹುಲ್ಲುಹಾಸಿನಲ್ಲಿ ತುಂಬೆಗೆ ಜಾಗವಿಲ್ಲ. ಬೇಲಿಯ ಆಚೆ ಹುಡುಕಿ. ಗೋಡೆಯ ಮೇಲಿನ ಕಲ್ಲುಬಳ್ಳಿಗಳಲ್ಲಿ ಹುಡುಕಲು ಮಾತ್ರ ಹೋಗಬೇಡಿ. ಶಿಲ್ಪಿಗಳ ಆ ಲತೆಗಳು ಯಾವ ಸಸ್ಯಶಾಸ್ತ್ರದ ಕೀಲಿಗೂ ತೆರೆದುಕೊಳ್ಳುವುದಿಲ್ಲ.

ಬೇಲೂರು ಅರೆಮಲೆನಾಡು, ಎತ್ತರ 970 ಮೀಟರಿನ ಸುಮಾರು. ಪಟ್ಟಣದ ಸುತ್ತ, ಯಗಚಿಯ ಕಾಲುವೆ ಬದಿಯಲ್ಲಿ ತುಂಬೆ ಧಾರಾಳ. ಅಲ್ಲಿಂದ ಅರೇಹಳ್ಳಿ ಕಡೆಗೆ ಹೋಗಿ ಕಾಫಿ ತೋಟ ಹೊಕ್ಕರೆ ನೆರಳಿನಲ್ಲಿ ಅದರ ಸುಳಿವಿಲ್ಲ. ಕಾಫಿ ಒಣಗಿಸುವ ಕಣದ ಅಂಚು, ರಸ್ತೆಬದಿ, ಲೈನುಮನೆಗಳ ಅಂಗಳ, ಬಿಸಿಲು ನೆಲ ಮುಟ್ಟುವಲ್ಲಿ ಮಾತ್ರ ಕಾಣುತ್ತದೆ. ಘಟ್ಟದ ಕಡೆ ಸಾಗಿದಂತೆ ಕುಲ ಅದೇ, ಪ್ರಭೇದ ಬೇರೆಯಾಗುತ್ತದೆ: ಹಲವು ವರ್ಷ ಬದುಕುವ, ಎತ್ತರದ, ಎಲೆ ಅಗಲದ ಲ್ಯೂಕಾಸ್‌ಗಳು ಬೆಟ್ಟದ ಹುಲ್ಲುಗಾವಲಿನಲ್ಲಿ ಶುರುವಾಗುತ್ತವೆ. ಹೀಗಾಗಿ ಯಾರಾದರೂ ದಟ್ಟ ನೆರಳಿನಿಂದ ಬಿಳಿ ಹೂವಿನ ಗಿಡ ತಂದು ತುಂಬೆ ಎಂದರೆ ಹೂವು ನೋಡುವ ಮೊದಲೇ ಅನುಮಾನಿಸಬಹುದು. ನೆಲವೂ ಕೀಲಿಯ ಒಂದು ಸಾಲು ಎಂದು ನಾನು ಹೇಳುವುದು ಇದಕ್ಕೇ.

ತುಂಬೆಯ ಹೆಸರು ನಮ್ಮ ಹೊಲಗಳಾಚೆಗೂ ಹೋಗಿದೆ. ಕೇರಳದಲ್ಲಿ ಓಣಂ ಹೂರಂಗೋಲಿಗೆ ತುಂಬೆ ಬೇಕೇ ಬೇಕು. ತಿರುವನಂತಪುರದ ಬಳಿಯ ತುಂಬಾ ಎಂಬ ಮೀನುಗಾರರ ಹಳ್ಳಿಗೆ ಆ ಹೆಸರು ಬಂದಿದ್ದು ಈ ಗಿಡದಿಂದ ಎನ್ನುತ್ತಾರೆ. 1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೊದಲ ರಾಕೆಟ್ ಹಾರಿದ್ದು ಅಲ್ಲಿಂದ.

ಮನೆಮದ್ದಿನ ವಿಷಯ ಹೇಳದಿದ್ದರೆ ಓದುಗರು ಬಿಡುವುದಿಲ್ಲ. ನೆಗಡಿಗೆ ಎಲೆಯ ರಸ, ತಲೆಭಾರಕ್ಕೆ ಎಲೆ ಕುದಿಸಿದ ಹಬೆ, ಕೊಟ್ಟಿಗೆಯಲ್ಲಿ ಸೊಳ್ಳೆಗೆ ಒಣಗಿಡದ ಹೊಗೆ, ಎಳೆಯ ಕುಡಿಯನ್ನು ಬೆರಕೆ ಸೊಪ್ಪಿಗೆ ಸೇರಿಸುವುದು, ಇವೆಲ್ಲ ಬಳಕೆಯಲ್ಲಿವೆ. ಹಾವು ಕಡಿದರೆ ತುಂಬೆ ರಸ ಎಂಬ ಮಾತೂ ಇದೆ. ಅದನ್ನು ನಂಬಿ ಕೂರಬೇಡಿ. ಹಾವಿನ ವಿಷಕ್ಕೆ ಮದ್ದು ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷದ ಚುಚ್ಚುಮದ್ದು ಒಂದೇ. ಎಲೆ ಅರೆಯುವ ಹೊತ್ತಿನಲ್ಲಿ ಗಾಡಿ ಹತ್ತಿಸಬೇಕು.

ತುಂಬೆ ಅಳಿವಿನಂಚಿನ ಗಿಡವಲ್ಲ, ಹಾಗೆ ಹೇಳಿ ಹೆದರಿಸುವುದು ತಪ್ಪು. ಆದರೆ ಅದು ನಿಲ್ಲುತ್ತಿದ್ದ ಜಾಗ ಕಿರಿದಾಗುತ್ತಿದೆ. ಐವತ್ತರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಂಡ ಪಾರ್ಥೇನಿಯಂ, ನಮ್ಮವರ ಕಾಂಗ್ರೆಸ್ ಗಿಡ, ತುಂಬೆಗೆ ಬೇಕಾದಂಥ ಕದಡಿದ ಬಿಸಿಲುನೆಲವನ್ನೇ ಬಯಸುತ್ತದೆ. ಅದನ್ನು ತಿನ್ನಲೆಂದು ಮೆಕ್ಸಿಕೊದಿಂದ ತರಿಸಿದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ದುಂಬಿ ಹರಡಿತು, ಗಿಡವೂ ಉಳಿಯಿತು. ಎರಡನೆಯದು ಕಳೆನಾಶಕ. ಕಳೆ ತೆಗೆಯಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೊಟ್ಟು ಪೂರೈಸುವುದಿಲ್ಲ. ಬೆನ್ನಿಗೆ ಕ್ಯಾನು ಕಟ್ಟಿಕೊಂಡು ತೆಂಗಿನ ತೋಟಕ್ಕೆ ಗ್ಲೈಫೋಸೇಟ್ ಹೊಡೆಯುವ ರೈತನನ್ನು ದೂರುವುದು ಪಟ್ಟಣದಲ್ಲಿ ಕೂತವರಿಗೆ ಸುಲಭ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದರ ಬಳಕೆಗೆ ನಿರ್ಬಂಧ ಹಾಕಿತು. ಬೆಳೆಯ ಸಾಲಿಗೆ ಔಷಧಿ ಹೊಡೆಯುವುದಕ್ಕೆ ಒಂದು ಲೆಕ್ಕವಿದೆ. ಬದುವಿಗೂ ಬೇಲಿಗೂ ಹೊಡೆಯುವುದರ ಲೆಕ್ಕ ನನಗೆ ಅರ್ಥವಾಗುವುದಿಲ್ಲ.

ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹಾಕುವವರು ಈ ಭಾಗದಲ್ಲಿ ಇನ್ನೂ ಇದ್ದಾರೆ. ಹುಚ್ಚೆಳ್ಳು ತನ್ನ ಪರಾಗದಿಂದ ತಾನೇ ಕಾಳುಕಟ್ಟುವ ಬೆಳೆಯಲ್ಲ, ಒಂದು ಗಿಡದಿಂದ ಇನ್ನೊಂದಕ್ಕೆ ಜೇನು ಓಡಾಡಲೇಬೇಕು. ಹುಚ್ಚೆಳ್ಳು ಹೂವಿಗೆ ಬರುವ ಮುನ್ನ ಮತ್ತು ಅದು ಮುಗಿದ ಮೇಲೆ ಆ ಜೇನಿಗೆ ಮೇವು ಬದುವಿನ ಹೂವುಗಳಲ್ಲಿದೆ, ಅವುಗಳಲ್ಲಿ ತಿಂಗಳುಗಟ್ಟಲೆ ಅರಳುವ ತುಂಬೆ ಮುಖ್ಯವಾದದ್ದು. ಹುಚ್ಚೆಳ್ಳು ಹಾಕಿದ ಹೊಲದವರಲ್ಲಿ ಒಂದು ವಿನಂತಿ: ಸಾಲಿನಲ್ಲಿ ಬಂದ ತುಂಬೆಯನ್ನು ಧಾರಾಳವಾಗಿ ಕೀಳಿ, ಬದುವಿನದನ್ನು ಬಿಡಿ. ಡಿಸೆಂಬರಿಗೆ ಬೀಜ ಉದುರಿಸಿ ಅದು ತಾನಾಗಿಯೇ ಒಣಗುತ್ತದೆ.